ಅಕ್ಷಹೃದಯ

ನಿಷಧ ದೇಶದ ಅರಸನಾದ ನಳನು ಒಂದು ದಿನ ತನ್ನ ಸಹೋದರನಾದ ಪುಷ್ಕರನೊಡನೆ ದ್ಯೂತಕ್ಕೆ ಕುಳಿತನು. ಆಟ ಆ ದಿನಕ್ಕೆ ಮುಗಿಯಲಿಲ್ಲ, ತಿಂಗಳುಗಟ್ಟಲೆ ನಡೆಯಿತು. ಚಿನ್ನ ಹೋಯಿತು, ರಥಗಳು ಹೋದುವು, ವಸ್ತ್ರಗಳೂ ಹೋದುವು. ಪಟ್ಟಣದ ಜನರು ಮಂತ್ರಿಗಳನ್ನು ಮುಂದಿಟ್ಟುಕೊಂಡು ಅರಮನೆಯ ಬಾಗಿಲಿಗೆ ಬಂದು ನಿಂತರು. ರಾಣಿ ದಮಯಂತಿ ಒಳಗೆ ಹೋಗಿ, ಕಣ್ಣೀರು ತುಂಬಿಕೊಂಡು, ಪ್ರಜೆಗಳು ಕಾದಿರುವುದನ್ನು ಬಿನ್ನವಿಸಿದಳು. ನಳನು ತಲೆಯೆತ್ತಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಬಂದವರು ನಾಚಿದರು, ದುಃಖಪಟ್ಟರು. ಒಳಗೆ ಕುಳಿತಿರುವವನು ತಮ್ಮ ಹಳೆಯ ಅರಸನೇ ಅಲ್ಲವೆಂದುಕೊಂಡು ಮನೆಗಳಿಗೆ ಮರಳಿದರು.

ಮಹಾಭಾರತದ ವನಪರ್ವದಲ್ಲಿ ಬರುವ ಕಥೆ ಇದು. ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡು ಕಾಡು ಸೇರಿದ್ದ ಧರ್ಮರಾಯನಿಗೆ ಬೃಹದಶ್ವನೆಂಬ ಋಷಿ ಇದನ್ನು ಹೇಳಿದನು. ಕನಕದಾಸರು ಇದೇ ಕಥೆಯನ್ನು 'ನಳಚರಿತ್ರೆ' ಎಂಬ ಕನ್ನಡ ಕಾವ್ಯವಾಗಿ ರಚಿಸಿದರು. ಸದ್ಗುಣಿಯಾದ ನಳನು ಹೀಗಾದುದೇಕೆ? ಅವನೊಳಗೆ ಕಲಿಪುರುಷನು ಹೊಕ್ಕಿದ್ದನು ಎಂದು ಕಥೆ ಉತ್ತರ ಕೊಡುತ್ತದೆ. ಇಂದಿನ ಓದುಗರು ಇದನ್ನು ಕೇಳಿ ನಕ್ಕರೂ ನಗಬಹುದು. ಆದರೆ ಹಿಂದಿನವರು ಕಣ್ಣಾರೆ ಕಂಡಿದ್ದ ಒಂದು ಸತ್ಯ ಇದರಲ್ಲಿ ಅಡಗಿದೆ. ಮನುಷ್ಯನು ಎದುರಿಗೇ ಕುಳಿತಿರುತ್ತಾನೆ. ಕರೆದರೆ ಅವನೊಳಗಿನಿಂದ ಯಾರೂ ಓಗೊಡುವುದಿಲ್ಲ.

ಅಂಥ ಓಗೊಡದ ಮುಖಗಳನ್ನು ಕಾಣಲು ಈಗ ನಿಷಧ ದೇಶದವರೆಗೆ ಹೋಗಬೇಕಾಗಿಲ್ಲ. ದಾವಣಗೆರೆ ಜಿಲ್ಲೆಯ ನಾಲ್ಕು ತಾಲೂಕುಗಳನ್ನು ತೆಗೆದುಕೊಳ್ಳಿರಿ: ಅಡಕೆ ತೋಟಗಳ ಚನ್ನಗಿರಿ, ತುಂಗಭದ್ರೆಯ ದಡದ ಹೊನ್ನಾಳಿ, 2018ರಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ತಾಲೂಕಾದ ನ್ಯಾಮತಿ, ಮಳೆಯ ಮುಖ ನೋಡಿ ಬಾಳುವ ಜಗಳೂರು. ನೆಲ ಬೇರೆ, ನೀರು ಬೇರೆ, ಬೆಳೆ ಬೇರೆ. ಆದರೆ ಸಂಜೆ ಏಳರ ಮೇಲೆ ಯಾವ ಊರಿನ ಯಾವ ಕಟ್ಟೆಯನ್ನು ನೋಡಿದರೂ ಅಂಗೈಯಗಲದ ಒಂದು ಗಾಜಿನ ಬೆಳಕು, ಅದರ ಮೇಲೆ ಬಾಗಿದ ಒಂದು ಮುಖ. 2020ರ ಮಾರ್ಚಿಯಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠಗಳು ಮೊಬೈಲಿಗೆ ಬಂದುವು. ಸಾಲ ಮಾಡಿಯಾದರೂ ಮಕ್ಕಳಿಗಾಗಿ ಸ್ಮಾರ್ಟ್‌ಫೋನು ಕೊಂಡ ತಂದೆತಾಯಿಯರು ಹಲವರು. ಶಾಲೆಗಳು ತೆರೆದುವು, ಪಾಠ ಹಿಂದಿರುಗಿ ಕರಿಹಲಗೆಗೆ ಹೋಯಿತು, ಫೋನು ಮಾತ್ರ ಹುಡುಗನ ಕೈಯಲ್ಲಿಯೇ ಉಳಿಯಿತು.

ನ್ಯಾಮತಿಯ ಕಡೆಯ ಇಬ್ಬರು ಹುಡುಗರನ್ನು ಊಹಿಸಿಕೊಳ್ಳಿರಿ. ಇದು ಇಂಥವರ ಮನೆಯಲ್ಲಿ ನಡೆದ ಕಥೆಯಲ್ಲ. ಆದರೆ ಮೇಲೆ ಹೇಳಿದ ನಾಲ್ಕು ತಾಲೂಕುಗಳ ಯಾವ ಬೀದಿಯಲ್ಲಾದರೂ ನಡೆಯಬಹುದಾದದ್ದು. ಇಬ್ಬರೂ ಒಂದನೆಯ ತರಗತಿಯಿಂದ ಒಂದೇ ಬೆಂಚಿನವರು. ಒಬ್ಬನು ಕಬಡ್ಡಿಯಲ್ಲಿ ಗಟ್ಟಿಗ, ಮಾತುಗಾರ, ಗಣಿತದಲ್ಲಿ ಮಾತ್ರ ಹಿಂದೆ. ಎಂಟನೆಯ ತರಗತಿಯ ಕೊನೆಗೆ ಅವನು ಮೈದಾನಕ್ಕೆ ಬರುವುದನ್ನು ಬಿಟ್ಟನು. ಆಮೇಲೆ ಊಟದ ಬಿಡುವಿನಲ್ಲಿ ಮಾತು ಬಿಟ್ಟನು. ಬೆಳಗ್ಗೆ ಕಣ್ಣು ಕೆಂಪಾಗಿರುತ್ತಿತ್ತು. ಮೊದಲ ಪಾಠದಲ್ಲಿಯೇ ತೂಕಡಿಕೆ. ಏನನ್ನಾದರೂ ಕೇಳಿದರೆ ರೇಗುವನು. ಗೆಳೆಯನು ಮೊದಲು ಕೋಪಿಸಿಕೊಂಡನು, ಅನಂತರ ದೂರವಾದನು, ಕೊನೆಗೆ ಹೆದರಿದನು. ಒಂದು ಸಂಜೆ ಮನೆಗೆ ಹೋಗಿ ಕೈಯಿಂದ ಫೋನನ್ನು ಕಿತ್ತುಕೊಂಡನು. ಹತ್ತು ವರ್ಷದ ಸ್ನೇಹದಲ್ಲಿ ಒಮ್ಮೆಯೂ ಕೈಯೆತ್ತದವನು ಆಗ ಕೈಯೆತ್ತಿದನು.

ಆ ಪೆಟ್ಟು ತಿಂದ ಹುಡುಗನು ಎದುರಿಸುತ್ತಿರುವ ಪ್ರಶ್ನೆ ಸಣ್ಣದಲ್ಲ. ನೀರಿಗೆ ಬಿದ್ದವನನ್ನು ಮೇಲಕ್ಕೆಳೆದರೆ ಅವನು ಕೈ ಹಿಡಿಯುತ್ತಾನೆ. ಇಲ್ಲಿ ಬಿದ್ದವನೇ ಕೈಯನ್ನು ಕೊಡವುತ್ತಾನೆ. ಬೇಡವೆನ್ನುವವನನ್ನು ಉಳಿಸುವುದು ಹೇಗೆ?

ಇದಕ್ಕೆ ಉತ್ತರವನ್ನು ಹುಡುಕುವ ಮೊದಲು, ಹಿಡಿದಿರುವ ಕೈ ಎಂಥದೆಂಬುದನ್ನು ನೋಡಬೇಕು. ಯಂತ್ರಕ್ಕೆ ಮನಸ್ಸಿಲ್ಲ. ಅದಕ್ಕೆ ಯಾರ ಮೇಲೂ ಹಗೆಯಿಲ್ಲ. ಅದು ಮಂತ್ರ ಹಾಕಿ ಯಾರನ್ನೂ ಗೊಂಬೆಯಂತೆ ಕುಣಿಸುವುದೂ ಇಲ್ಲ. 2017ರಲ್ಲಿ 'ಬ್ಲೂ ವೇಲ್' ಎಂಬ ಆಟ ಮಕ್ಕಳ ಮನಸ್ಸನ್ನು ವಶಮಾಡಿಕೊಂಡು ಸಾವಿಗೆ ದೂಡುತ್ತದೆಂಬ ಭೀತಿ ದೇಶದ ತುಂಬ ಹಬ್ಬಿತ್ತು. ಶಾಲೆಗಳಲ್ಲಿ ಸಭೆಗಳು ನಡೆದುವು, ಪತ್ರಿಕೆಗಳು ತುಂಬಿದುವು. ಮರುವರ್ಷ ಸರ್ಕಾರವು ಸಂಸತ್ತಿಗೆ ಉತ್ತರವಿತ್ತು, ಯಾವ ಪ್ರಕರಣದಲ್ಲಿಯೂ ಆ ಆಟದ ಪಾತ್ರ ರುಜುವಾತಾಗಲಿಲ್ಲವೆಂದು ತಿಳಿಸಿತು. ಭೂತದ ಭಯದಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡಿದ್ದಾಗ ನಿಜವಾದ ಕಳ್ಳನು ಹಿತ್ತಿಲಿನಿಂದ ಬಂದಂತಾಯಿತು. ಆ ಕಳ್ಳನು ಬಹಳ ಸೌಮ್ಯ. ಅವನ ವಿದ್ಯೆ ಮೊದಲು ಪಾರಿವಾಳಗಳ ಮೇಲೆ ಪ್ರಯೋಗವಾದದ್ದು.

ಬಿ. ಎಫ್. ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು ಪಾರಿವಾಳವನ್ನು ಒಂದು ಪೆಟ್ಟಿಗೆಯೊಳಗಿಟ್ಟು, ಗೋಡೆಯ ಮೇಲಿನ ಬಿಲ್ಲೆಯೊಂದನ್ನು ಕುಕ್ಕಿದರೆ ಕಾಳು ಬೀಳುವಂತೆ ಏರ್ಪಡಿಸಿದನು. ಇಷ್ಟು ಸಲ ಕುಕ್ಕಿದರೆ ಕಾಳು ಎಂದು ಲೆಕ್ಕ ಗೊತ್ತುಮಾಡಿದಾಗ, ಹಕ್ಕಿ ಕಾಳು ತಿಂದು ಸ್ವಲ್ಪ ಹೊತ್ತು ವಿರಮಿಸುತ್ತಿತ್ತು. ಲೆಕ್ಕವನ್ನು ತಪ್ಪಿಸಿ, ಒಮ್ಮೆ ಮೂರು ಕುಕ್ಕಿಗೆ, ಒಮ್ಮೆ ನಲವತ್ತಕ್ಕೆ, ಯಾವಾಗ ಬೀಳುವುದೆಂದು ಹಕ್ಕಿಗೆ ತಿಳಿಯದಂತೆ ಮಾಡಿದಾಗ ವಿರಾಮವೇ ಇಲ್ಲವಾಯಿತು. ಹಕ್ಕಿ ಒಂದೇ ಸಮನೆ ಕುಕ್ಕತೊಡಗಿತು. ಕಾಳು ಪೂರ್ತಿ ನಿಂತ ಮೇಲೂ ಬಹು ಹೊತ್ತು ಕುಕ್ಕುತ್ತಲೇ ಇತ್ತು. ಸ್ಕಿನ್ನರ್ ಮತ್ತು ಅವನ ಸಹೋದ್ಯೋಗಿ ಚಾರ್ಲ್ಸ್ ಫರ್ಸ್ಟರ್ ಈ ಪ್ರಯೋಗಗಳ ಫಲವನ್ನು 1957ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ಜೂಜುಕೋರನನ್ನು ಹಿಡಿದಿಡುವುದು ಗೆಲುವಲ್ಲ, ಯಾವಾಗ ಗೆಲುವೆಂದು ತಿಳಿಯದಿರುವುದು. ಪುಷ್ಕರನ ದಾಳಕ್ಕೂ ಸ್ಕಿನ್ನರನ ಪೆಟ್ಟಿಗೆಗೂ ಇಷ್ಟೇ ಹತ್ತಿರದ ನಂಟು.

ಮೊಬೈಲಿನ ತೆರೆಯನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದಾಗ ಏನು ಬರುತ್ತದೆ? ನೀರಸವಾದ ನಾಲ್ಕು ರೀಲ್ಸ್, ಐದನೆಯದು ಚೆಂದ. ಆಮೇಲೆ ಹತ್ತು ನೀರಸ, ಹನ್ನೊಂದನೆಯದು ಅದ್ಭುತ. ಲೆಕ್ಕ ತಪ್ಪಿಸಿದ ಕಾಳುಗಳು ಇವೇ. ಆಟದೊಳಗೆ ದುಡ್ಡು ಕೊಟ್ಟು ಕೊಳ್ಳುವ ಪೆಟ್ಟಿಗೆಗಳುಂಟು. ತೆರೆಯುವವರೆಗೆ ಅದರಲ್ಲಿ ಬೆಲೆಬಾಳುವ ಆಯುಧವಿದೆಯೋ ಕೆಲಸಕ್ಕೆ ಬಾರದ ಟೊಪ್ಪಿಗೆಯಿದೆಯೋ ತಿಳಿಯದು. ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು 2018ರಲ್ಲಿ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ತೀರ್ಮಾನಿಸಿತು.

ಮಿದುಳಿನ ಕಡೆಯಿಂದಲೂ ಇದಕ್ಕೆ ಸಾಕ್ಷಿಯುಂಟು. ವುಲ್ಫ್‌ರಾಮ್ ಷುಲ್ಟ್ಸ್ ಎಂಬ ವಿಜ್ಞಾನಿಯು 1990ರ ದಶಕದಲ್ಲಿ ಕೋತಿಗಳ ಮಿದುಳಿನ ಡೋಪಮೈನ್ ಕೋಶಗಳನ್ನು ಪರೀಕ್ಷಿಸಿದನು. ನಿರೀಕ್ಷಿಸದೆ ಹಣ್ಣಿನ ರಸ ಬಾಯಿಗೆ ಬಿದ್ದಾಗ ಆ ಕೋಶಗಳು ಚುರುಕಾದುವು. ರಸಕ್ಕೆ ಮುಂಚೆ ದೀಪವೊಂದು ಹೊತ್ತುವುದು ರೂಢಿಯಾದ ಮೇಲೆ, ಅವು ದೀಪಕ್ಕೇ ಚುರುಕಾಗತೊಡಗಿದುವು. ರಸಕ್ಕೆ ಅಷ್ಟಾಗಿ ಓಗೊಡಲಿಲ್ಲ. ಮೊಬೈಲಿನ 'ಟಿಂಗ್' ಎಂಬ ಸದ್ದು ಆ ದೀಪದಂತೆ. ಬಂದ ಸುದ್ದಿ ಏನೆಂಬುದಕ್ಕಿಂತ ಸುದ್ದಿ ಬಂತೆಂಬುದೇ ಮೈಯನ್ನು ಎಬ್ಬಿಸುತ್ತದೆ. ಪಾಠದ ನಡುವೆ ಸದ್ದಿಲ್ಲದಿದ್ದರೂ ಕೈ ಜೇಬಿಗೆ ಹೋಗುವುದು ಇದರಿಂದಲೇ.

ಇನ್ನೊಂದು ಉಪಾಯವಿದೆ, ಅದು ಕೊನೆಯನ್ನೇ ಅಳಿಸುವುದು. ಪತ್ರಿಕೆಗೆ ಕೊನೆಯ ಪುಟವುಂಟು. ಬಯಲಾಟ ಬೆಳಗಿನ ಜಾವಕ್ಕೆ ಮಂಗಳ ಹಾಡಿ ಮುಗಿಯುತ್ತದೆ. ಸಂತೆ ಸಂಜೆಗೆ ಕದಲುತ್ತದೆ. ಮುಗಿಯುವ ಕೆಲಸವೆಲ್ಲ, ಎದ್ದು ಹೋಗಬಹುದೆಂದು ಮನುಷ್ಯನಿಗೆ ತಾನಾಗಿ ಸೂಚನೆ ಕೊಡುತ್ತದೆ. 2006ರಲ್ಲಿ ಏಜಾ ರಾಸ್ಕಿನ್ ಎಂಬ ತಂತ್ರಜ್ಞನು, ಕೆಳಗೆ ಹೋದಷ್ಟೂ ಹೊಸದು ಬರುತ್ತಲೇ ಇರುವ, ತಳವಿಲ್ಲದ ಪುಟವನ್ನು ರೂಪಿಸಿದನು. ಓದುವವರಿಗೆ ಅನುಕೂಲವಾಗಲೆಂಬುದು ಅವನ ಉದ್ದೇಶವಾಗಿತ್ತು. ಅದರಿಂದ ಜನರ ಎಷ್ಟು ಹೊತ್ತು ಪೋಲಾಯಿತೆಂಬುದನ್ನು ಕಂಡು ಅವನೇ ಮುಂದೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟನು. ಇದರ ಮೇಲೆ, ಯಾವ ಚಿತ್ರದ ಮುಂದೆ ಹುಡುಗನ ಬೆರಳು ಎಷ್ಟು ಕ್ಷಣ ನಿಂತಿತೆಂಬುದನ್ನು ಯಂತ್ರ ಬರೆದಿಟ್ಟುಕೊಳ್ಳುತ್ತದೆ. ನಿಂತದ್ದನ್ನೇ ಮತ್ತೆ ಮತ್ತೆ ತಂದು ಒಡ್ಡುತ್ತದೆ. ಹೆತ್ತ ತಾಯಿಗೆ ತಿಳಿಯದ ಮಗನ ದೌರ್ಬಲ್ಯ ಅದಕ್ಕೆ ತಿಳಿದಿರುತ್ತದೆ. ನೋಡುವವರ ಹೊತ್ತನ್ನು ಜಾಹೀರಾತುದಾರರಿಗೆ ಮಾರುವ ವ್ಯಾಪಾರ ಇದು. ಆದ್ದರಿಂದ ಹುಡುಗನು ಏಳದಿರುವುದೇ ಲಾಭ.

ಹುಡುಗನ ತಪ್ಪೇ ಇಲ್ಲವೆ ಎಂದು ಕೇಳುವವರಿರಬಹುದು. ಇದೆ. ಆದರೆ ಒಂದು ಪಾಲು ಹಿರಿಯರದೂ ಇದೆ. ಗಣಿತದಲ್ಲಿ ಪ್ರತಿ ವಾರವೂ ಸೋಲುವ ಹುಡುಗನಿಗೆ ಆಟದಲ್ಲಿ ಪ್ರತಿ ಗಂಟೆಗೊಂದು ಗೆಲುವು, ಒಂದು ಪದವಿ, ಶಹಭಾಸ್ ಎನ್ನುವ ನಾಲ್ವರು ಜೊತೆಗಾರರು. ವರ್ಷವಿಡೀ ಒಂದೇ ಒಂದು ಒಳ್ಳೆಯ ಮಾತನ್ನು ಅವನಿಗೆ ಹೇಳದ ಶಾಲೆ ಮತ್ತು ಮನೆ, ಅವನು ಆ ಶಹಭಾಸ್‌ಗೆ ಸೋತನೆಂದು ಆಶ್ಚರ್ಯಪಡುವುದು ನ್ಯಾಯವಲ್ಲ.

ಈಗ ಗೆಳೆಯನ ಕಡೆಗೆ ಬರೋಣ. ಫೋನನ್ನು ಕಿತ್ತುಕೊಂಡದ್ದು ಏಕೆ ಫಲಿಸಲಿಲ್ಲ? ಆ ಹೊತ್ತಿಗೆ ಅವನು ತಂಡ ಕಟ್ಟಿಕೊಂಡು ಆಡುತ್ತಿದ್ದನು. ನಡುವೆ ಎದ್ದರೆ ಉಳಿದ ಮೂವರೂ ಸೋಲುತ್ತಾರೆ. ಅವರಲ್ಲಿ ಒಬ್ಬನು ಹರಿಹರದವನೋ ಹುಬ್ಬಳ್ಳಿಯವನೋ ಇರಬಹುದು. ಮುಖ ಕಂಡಿಲ್ಲ, ಆದರೆ ಗೆಳೆಯನೇ. ಕಬಡ್ಡಿಯ ನಡುವೆ ಅಂಕಣ ಬಿಟ್ಟು ಹೋಗೆಂದರೆ ಹೇಗೋ ಹಾಗೆ. 'ಊಟಕ್ಕೆ ಬಾ' ಎಂದು ತಾಯಿ ಆಟದ ನಡುವೆ ಹತ್ತು ಸಲ ಕೂಗುವುದಕ್ಕಿಂತ, ಒಂದು ಸುತ್ತು ಮುಗಿಯುವುದನ್ನು ಕೇಳಿ ತಿಳಿದು, ಆ ಮುಗಿತಾಯದಲ್ಲಿ ತಟ್ಟೆಯನ್ನು ಮುಂದಿಟ್ಟರೆ ಬರುವ ಸಂಭವ ಹೆಚ್ಚು. ಸಣ್ಣ ಸಂಗತಿಯಿದು, ಆದರೆ ಮನೆಯ ಎಷ್ಟೋ ಜಗಳಗಳು ಇದನ್ನು ತಿಳಿಯದೆ ಆದುವು. ಅಲ್ಲದೆ, ರೂಢಿಯಾದದ್ದು ಥಟ್ಟನೆ ತಪ್ಪಿದ ಮೊದಲ ಕೆಲವು ದಿನಗಳಲ್ಲಿ ಚಡಪಡಿಕೆ, ನಿದ್ರೆಗೇಡು, ಸಿಟ್ಟು ಹೆಚ್ಚುವುದು ಸಹಜ. ಆಗ ಬೀಳುವ ಬೈಗುಳು ಸ್ನೇಹಕ್ಕೆ ಸಂಬಂಧಪಟ್ಟದ್ದಲ್ಲ.

ಬುದ್ಧಿಮಾತೂ ಫಲಿಸುವುದಿಲ್ಲ. ಕಣ್ಣು ಕೆಡುತ್ತದೆ, ಓದು ಕೆಡುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ ವಿಷಯವೇ ಅಲ್ಲ. ಹಂಗಿಸಿದರೆ, ಹಂಗಿಸದ ಜಾಗಕ್ಕೆ, ಎಂದರೆ ಮತ್ತೆ ಆಟಕ್ಕೇ ಹೋಗುತ್ತಾನೆ. ಜೊತೆಗೆ ಆಡುತ್ತ ಆಡುತ್ತ ಬಿಡಿಸಿಯೇನೆಂದು ಹೊರಟ ಗೆಳೆಯರ ಪಾಡನ್ನು ಹೇಳದಿರುವುದೇ ಲೇಸು. ಒಬ್ಬನಿದ್ದ ಕಡೆ ಇಬ್ಬರಾಗುತ್ತಾರೆ.

ಸರ್ಕಾರದ ನಿಷೇಧವೂ ಮನಸ್ಸಿನೊಳಗೆ ಇಳಿಯಲಾರದು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಆಟವನ್ನು ನಿಷೇಧಿಸಿತು. ಮರುವರ್ಷವೇ ಅದೇ ಬಗೆಯ ಆಟ ಬೇರೊಂದು ಹೆಸರಿನಲ್ಲಿ ಬಂದಿತು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಅದರ ಶಿಕ್ಷೆ ಆಟ ನಡೆಸುವವರಿಗೆ, ಅದನ್ನು ಜಾಹೀರು ಮಾಡುವವರಿಗೆ, ಆಡಿ ಕಳೆದುಕೊಂಡವನಿಗಲ್ಲ. ಈ ಕೊನೆಯ ಮಾತನ್ನು ಮನಸ್ಸಿನಲ್ಲಿಡಬೇಕು. ಏಕೆಂದರೆ ನ್ಯಾಮತಿಯ ಹುಡುಗನ ಕಥೆಯಲ್ಲಿ ಈಗ ದುಡ್ಡು ಬರುತ್ತದೆ.

ಪೆಟ್ಟು ಹೊಡೆದ ಮೂರನೆಯ ದಿನ ಅವನು ತಾನಾಗಿ ಗೆಳೆಯನ ಬಳಿಗೆ ಬಂದನು. ತಂದೆ ಮೆಕ್ಕೆಜೋಳ ಮಾರಿದ ಹಣ ಬ್ಯಾಂಕಿನ ಖಾತೆಗೆ ಬಂದಿತ್ತು. ತಂದೆಯ ಫೋನಿನ ಗುಟ್ಟಿನ ಅಂಕೆ ಮಗನಿಗೆ ತಿಳಿದಿತ್ತು. ನೂರು, ಇನ್ನೂರು ಎಂದು ಶುರುವಾದದ್ದು ಹನ್ನೆರಡು ಸಾವಿರಕ್ಕೆ ಹೋಗಿತ್ತು. ಗೊಬ್ಬರದ ಅಂಗಡಿಯ ಬಾಕಿ ತೀರಿಸಲು ತಂದೆ ಮುಂದಿನ ವಾರ ಆ ಹಣವನ್ನು ತೆಗೆಯುವವರಿದ್ದರು.

"ಯಾರ ಹತ್ರನೂ ಹೇಳಬೇಡಲೇ. ನಿಮ್ಮಪ್ಪನ ಹತ್ರ ಒಂದಿಷ್ಟು ಕೇಳಿ ಕೊಡು. ಒಂದು ಸಲ ಗೆದ್ದರೆ ಎಲ್ಲಾ ಹಾಕಿಬಿಡ್ತೀನಿ" ಎಂದನು.

ಸ್ನೇಹವೆಂದರೆ ಗುಟ್ಟು ಕಾಯುವುದೆಂದು ಆ ವಯಸ್ಸಿನವರೆಲ್ಲ ನಂಬಿರುತ್ತಾರೆ. ಗುಟ್ಟನ್ನು ಹೊರಗೆ ಹಾಕಿದವನು ದ್ರೋಹಿ. ಆದರೆ ಇದು ಯಾರ ಗುಟ್ಟು? ಅದನ್ನು ಕಾಯಬೇಕೆನ್ನುವುದು ಗೆಳೆಯನೋ, ಗೆಳೆಯನ ಬಾಯಿಯಿಂದ ಮಾತಾಡುವ ದಾಳವೋ? ಒಂದು ಸಲ ಗೆದ್ದರೆ ಎಲ್ಲವೂ ಸರಿಹೋದೀತೆಂಬ ಮಾತು ನಳನದೂ ಹೌದು, ಜಗತ್ತಿನ ಎಲ್ಲ ಜೂಜುಕೋರರದೂ ಹೌದು.

ಇಲ್ಲಿ ದಮಯಂತಿಯ ನಡತೆಯನ್ನು ಮತ್ತೊಮ್ಮೆ ನೋಡಬೇಕು. ಅವಳು ದಾಳಗಳನ್ನು ಕಿತ್ತೆಸೆಯಲಿಲ್ಲ. ಮರೆಮಾಚಲೂ ಇಲ್ಲ. ಮಂತ್ರಿಗಳನ್ನು ಕರೆಸಿದಳು, ಅವರ ಮಾತು ನಡೆಯದಿರಲು ಮತ್ತೊಮ್ಮೆ ಕರೆಸಿದಳು. ಅದೂ ನಡೆಯದೆನ್ನುವುದು ಖಚಿತವಾದಾಗ ಸಾರಥಿ ವಾರ್ಷ್ಣೇಯನನ್ನು ಕರೆದು, ಮಗನನ್ನೂ ಮಗಳನ್ನೂ ರಥದಲ್ಲಿ ಕೂರಿಸಿ, ಕುಂಡಿನಪುರದ ತನ್ನ ತವರಿಗೆ ಕಳುಹಿಸಿದಳು. ಗಂಡನನ್ನು ಆ ಹೊತ್ತಿಗೆ ಉಳಿಸಲಾಗದಿದ್ದರೂ ಪಣಕ್ಕೆ ಸಿಕ್ಕದಂತೆ ಯಾವುದನ್ನು ದೂರ ಇಡಬಹುದೋ ಅದನ್ನು ಇಟ್ಟಳು. ಆಮೇಲೆ ಎಲ್ಲವನ್ನೂ ಸೋತು ಹೊರಟವನ ಹಿಂದೆ ತಾನೂ ನಡೆದಳು. ಕಾಡಿನಲ್ಲಿ ಮಲಗಿದ್ದವಳನ್ನು ಬಿಟ್ಟು ಅವನು ಓಡಿಹೋದನು. ಅಷ್ಟಾದರೂ ತವರು ಸೇರಿದ ಮೇಲೆ ಅವಳು ಮಾಡಿದ ಮೊದಲ ಕೆಲಸ ಅವನನ್ನು ಹುಡುಕಲು ಊರೂರಿಗೆ ಬ್ರಾಹ್ಮಣರನ್ನು ಅಟ್ಟಿದ್ದು.

ನ್ಯಾಮತಿಯ ಗೆಳೆಯನು ದುಡ್ಡು ತಂದು ಕೊಡಲಿಲ್ಲ. ಹಾಗೆಂದು ಬೆನ್ನ ಹಿಂದೆ ಹೋಗಿ ಚಾಡಿಯನ್ನೂ ಹೇಳಲಿಲ್ಲ. "ನೀನು ಹೇಳು, ನಾನು ಪಕ್ಕದಲ್ಲಿ ನಿಂತಿರ್ತೀನಿ. ನಾಳೆ ಸಂಜೆ ತನಕ ನೀನು ಹೇಳಲಿಲ್ಲ ಅಂದರೆ ನಾನೇ ಹೇಳ್ತೀನಿ" ಎಂದನು. ಮರುದಿನ ಸಂಜೆ ಹುಡುಗನ ಬಾಯಿ ಏಳಲಿಲ್ಲ. ಗೆಳೆಯನೇ ಶುರುಮಾಡಬೇಕಾಯಿತು. "ಚಿಕ್ಕಪ್ಪಾ, ಇವನು ಒಂದು ಮಾತು ಹೇಳಬೇಕಂತೆ. ಮೊದಲು ಪೂರ್ತಿ ಕೇಳಿಸಿಕೊಳ್ರಿ, ಆಮೇಲೆ ಬೈಯಿರಿ" ಎಂದನು. ತಂದೆ ಪೂರ್ತಿ ಕೇಳಿಸಿಕೊಳ್ಳಲಿಲ್ಲ, ನಡುವೆಯೇ ಕೈಯೆತ್ತಿದರು. ತಾಯಿ ಅಡ್ಡಬಂದರು. ರಾತ್ರಿ ಆ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಆದರೆ ಬೆಳಗ್ಗೆ ಎದ್ದು ತಂದೆ ಬ್ಯಾಂಕಿಗೆ ಹೋಗಿ ಖಾತೆಯ ಗುಟ್ಟಿನ ಅಂಕೆಯನ್ನು ಬದಲಾಯಿಸಿದರು. ಮಕ್ಕಳನ್ನು ಕುಂಡಿನಪುರಕ್ಕೆ ಕಳುಹಿಸಿದಂಥ ಕೆಲಸ ಅದು. ಅದರ ಮುಂದಿನ ಒಂದು ತಿಂಗಳು ಹುಡುಗನು ಗೆಳೆಯನೊಡನೆ ಮಾತಾಡಲಿಲ್ಲ.

ಎಲ್ಲ ಆಟವೂ ರೋಗವಲ್ಲವೆಂಬುದನ್ನೂ ಹೇಳಿಬಿಡಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ಗೀಳನ್ನು ಸೇರಿಸಿದೆ. ಆಟದ ಮೇಲೆ ತನಗೇ ಹತೋಟಿ ತಪ್ಪಿರಬೇಕು. ಊಟ, ನಿದ್ರೆ, ಓದು, ನೆಂಟಸ್ತಿಕೆ ಎಲ್ಲಕ್ಕಿಂತ ಆಟ ಮೇಲಾಗಿರಬೇಕು. ಕೆಡುಕಾಗುತ್ತಿದೆಯೆಂದು ಕಂಡರೂ ಆಟ ಮುಂದುವರಿಯುತ್ತಿರಬೇಕು. ಸಾಮಾನ್ಯವಾಗಿ ಇದು ಹನ್ನೆರಡು ತಿಂಗಳಾದರೂ ಕಾಣಿಸಿಕೊಂಡಿರಬೇಕು. ಇದನ್ನು ತೀರ್ಮಾನಿಸುವುದು ವೈದ್ಯರ ಕೆಲಸ, ಸಹಪಾಠಿಗಳದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಇಂಥವರಿಗಾಗಿ 'ಶಟ್' ಎಂಬ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ಬೆಂಗಳೂರು ದೂರವೆನ್ನುವ ಜಗಳೂರಿನವರಿಗೆ ಹತ್ತಿರದ ದಾರಿಯೂ ಉಂಟು: 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ದೂರವಾಣಿ, 14416. ಹಗಲು ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲಿಯೇ ಮಾತಾಡಬಹುದು. ಗೆಳೆಯನ ಬಾಯಿಯಿಂದ ಬದುಕೇ ಬೇಡವೆಂಬ ಮಾತು ಒಮ್ಮೆ ಬಂದರೂ ನಾಳೆಯವರೆಗೆ ಗಡುವು ಕೊಡುತ್ತ ಕೂರಬಾರದು; ಆ ಕ್ಷಣವೇ ಮನೆಯ ಹಿರಿಯರಿಗೋ ಮೇಷ್ಟರಿಗೋ ತಿಳಿಸಬೇಕು, ಅವನನ್ನು ಒಬ್ಬನೇ ಬಿಡಬಾರದು.

ಈಚೆಗೆ ಮಾತಾಡುವ ಯಂತ್ರಗಳೂ ಬಂದಿವೆ. ಅವು ಆಟವಾಡಿಸುವುದಿಲ್ಲ, ಸಂತೈಸುತ್ತವೆ. ಇದರ ಬೀಜ ಹಳೆಯದು. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ಅಮೆರಿಕದ ಪ್ರಾಧ್ಯಾಪಕನು 'ಎಲೈಜಾ' ಎಂಬ ಕಾರ್ಯಕ್ರಮವನ್ನು ಕಂಪ್ಯೂಟರಿಗೆ ಬರೆದನು. ಟೈಪು ಮಾಡಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ಜಾಣ್ಮೆ. 'ಬೇಸರವಾಗಿದೆ' ಎಂದರೆ 'ಏಕೆ ಬೇಸರವಾಗಿದೆ?' ಎನ್ನುವಂಥದು. ಅದು ಬೆಳೆದುದನ್ನು ತಿಂಗಳುಗಟ್ಟಲೆ ಕಂಡಿದ್ದ ಅವನ ಕಾರ್ಯದರ್ಶಿಯೇ ಒಂದು ದಿನ ಅದರ ಮುಂದೆ ಕುಳಿತು ಎರಡು ಮಾತಾಡಿ, ತಾನು ಮತ್ತು ಯಂತ್ರ ಇಬ್ಬರೇ ಇರಬೇಕು, ಸ್ವಲ್ಪ ಹೊರಗೆ ಹೋಗುವಿರಾ ಎಂದು ಪ್ರಾಧ್ಯಾಪಕನನ್ನು ಕೇಳಿದಳು. ವೈಜೆನ್‌ಬಾಮ್ ಬೆಚ್ಚಿದನು, ಉಳಿದ ಬಾಳನ್ನೆಲ್ಲ ಈ ಮರುಳಿನ ವಿಷಯದಲ್ಲಿ ಜನರನ್ನು ಎಚ್ಚರಿಸುತ್ತ ಕಳೆದನು. ಇಂದಿನ ಯಂತ್ರಗಳ ಮಾತು ಎಲೈಜಾಗಿಂತ ಎಷ್ಟೋ ಪಾಲು ಮೇಲು. ಅಂಥ ಒಂದು ಅಮೆರಿಕದ ಸಂಸ್ಥೆ, ಮಕ್ಕಳ ತಂದೆತಾಯಿಯರು ನ್ಯಾಯಾಲಯಕ್ಕೆ ಹೋದ ಮೇಲೆ, 2025ರ ನವೆಂಬರಿನಲ್ಲಿ ಹದಿನೆಂಟು ತುಂಬದವರೊಡನೆ ಯಂತ್ರದ ಮುಕ್ತ ಸಂಭಾಷಣೆಯನ್ನು ನಿಲ್ಲಿಸಿತು. ಲೆಕ್ಕ ಕೇಳಿ ತಿಳಿಯಲು, ಪದದ ಅರ್ಥ ಹುಡುಕಲು ಈ ಯಂತ್ರ ಒಳ್ಳೆಯ ಆಳು. ಎಂದೂ ಸಿಟ್ಟಾಗದ, ಎಂದೂ ಇಲ್ಲವೆನ್ನದ ಗೆಳೆಯನಾಗಿ ಅದನ್ನು ಇಟ್ಟುಕೊಂಡ ಹುಡುಗಿಗೆ, ಸಿಟ್ಟಾಗುವ ನಿಜವಾದ ಗೆಳತಿಯರು ಬೇಡವಾಗುತ್ತಾರೆ. ತೊಂದರೆ ಇರುವುದು ಅಲ್ಲಿ.

ಒಬ್ಬನೇ ಬಿಡುವುದು ಕಷ್ಟ; ಊರೇ ಸ್ವಲ್ಪ ಹೊತ್ತು ಬಿಟ್ಟರೆ ಸುಲಭ. ಬೆಳಗಾವಿಯ ಆಚೆಗೆ, ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ ವಡಗಾಂವ್ ಎಂಬ ಹಳ್ಳಿಯೊಂದಿದೆ. ಅಲ್ಲಿ 2022ರ ಆಗಸ್ಟ್ 15ರಿಂದ ಸಂಜೆ ಏಳು ಗಂಟೆಗೆ ದೇವಸ್ಥಾನದಿಂದ ಸೈರನ್ ಕೂಗಿಸುವ ಪದ್ಧತಿಯನ್ನು ಊರವರು ತಂದರು. ಅದು ಕೂಗಿದೊಡನೆ ಮೊಬೈಲು, ಟಿ.ವಿ. ಬಂದ್, ಎಂಟೂವರೆಗೆ ಮತ್ತೆ ಕೂಗುವವರೆಗೆ ಮಕ್ಕಳು ಓದುವುದು, ದೊಡ್ಡವರು ಮಾತಾಡುವುದು. ಕಾನೂನಿಲ್ಲ, ದಂಡವಿಲ್ಲ, ಗ್ರಾಮಸಭೆಯ ಒಪ್ಪಂದವಷ್ಟೇ. ಯಂತ್ರ ಅಳಿಸಿಹಾಕಿದ ಕೊನೆಯನ್ನು ಊರೇ ಕೂಡಿ ಮತ್ತೆ ಗೆರೆಯೆಳೆದು ತೋರಿಸಿತು. ತಂದೆಯೂ ಫೋನು ಕೆಳಗಿಟ್ಟದ್ದು ಇದರಲ್ಲಿ ಬಹು ಮುಖ್ಯವಾದ ಅಂಶ. ಮಗನಿಗೆ ಬೇಡವೆಂದು ತಾನು ಜಗುಲಿಯಲ್ಲಿ ರೀಲ್ಸ್ ನೋಡುವ ತಂದೆಯ ಮಾತು ಯಾವ ಊರಿನಲ್ಲಿಯೂ ನಡೆಯದು.

ನಳನು ಬಿಡುಗಡೆಯಾದುದು ಹೇಗೆಂಬುದು ಇನ್ನೂ ಉಳಿದಿದೆ. ರೂಪಗೆಟ್ಟು, ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣರಾಜನ ಸಾರಥಿಯಾಗಿದ್ದ ಕಾಲದಲ್ಲಿ, ಒಂದು ದಿನ ದಾರಿಯ ತಾರೆಯ ಮರದ ಎಲೆಗಳನ್ನೂ ಕಾಯಿಗಳನ್ನೂ ಆ ರಾಜನು ನೋಡಿದಷ್ಟರಿಂದಲೇ ಎಣಿಸಿ ಹೇಳಿದನು. ನಳನು ಬೆರಗಾಗಿ ಆ ವಿದ್ಯೆಯನ್ನು ಬೇಡಿದನು. ಬದಲಿಗೆ ತನ್ನ ಅಶ್ವವಿದ್ಯೆಯನ್ನು ಕೊಡಲೊಪ್ಪಿದನು. ಋತುಪರ್ಣನು ಕೊಟ್ಟ ವಿದ್ಯೆಯ ಹೆಸರು ಅಕ್ಷಹೃದಯ. ಅಕ್ಷವೆಂದರೆ ದಾಳ, ಅದರ ಹೃದಯವೆಂದರೆ ಅದರೊಳಗಿನ ಮರ್ಮ. ಆ ಮರ್ಮ ತಿಳಿದ ಕ್ಷಣದಲ್ಲಿ ಕಲಿಪುರುಷನು ವಿಷವನ್ನು ಕಾರುತ್ತ ನಳನ ಮೈಯಿಂದ ಹೊರಗೆ ಬಂದನು. ಕಥೆಯನ್ನು ಮುಗಿಸಿ ಬೃಹದಶ್ವನು ಧರ್ಮರಾಯನಿಗೂ ಅದೇ ವಿದ್ಯೆಯನ್ನು ಕೊಟ್ಟು ಹೋದನು. ಇನ್ನು ಜೂಜಾಡಬೇಡವೆಂದು ಬುದ್ಧಿ ಹೇಳಿ ಹೋಗಲಿಲ್ಲವೆಂಬುದು ಗಮನಿಸತಕ್ಕದ್ದು.

ನ್ಯಾಮತಿಯ ಹುಡುಗನಿಗೆ ಪಾರಿವಾಳದ ಪೆಟ್ಟಿಗೆಯ ವಿಷಯ ಗೊತ್ತಾದದ್ದು ಶಾಲೆಯ ಗ್ರಂಥಾಲಯದ ಒಂದು ಹಳೆಯ ಪುಸ್ತಕದಿಂದ. ಗೆಳೆಯನೇ ಅದನ್ನು ತಂದು, ಮಾತಾಡದೆ, ಅವನ ಬೆಂಚಿನ ಮೇಲಿಟ್ಟು ಹೋಗಿದ್ದನು. ಎರಡು ದಿನದ ಮೇಲೆ ಅವನು ಪುಸ್ತಕ ಹಿಂದಿರುಗಿಸುತ್ತ, "ಆ ಹಕ್ಕಿ ಪಾಪ, ಕಣಲೇ" ಎಂದನು. ತಿಂಗಳ ಮೇಲೆ ಆಡಿದ ಮೊದಲ ಮಾತು.

ಆ ಭಾನುವಾರ ಇಬ್ಬರೂ ಸೈಕಲ್ಲಿನಲ್ಲಿ ಬೆಳಗುತ್ತಿಯ ಕಡೆಗೆ ಹೋಗಿ ತೀರ್ಥರಾಮೇಶ್ವರದ ಬೆಟ್ಟ ಹತ್ತಿದರು. ಫೋನುಗಳನ್ನು ಮನೆಯಲ್ಲಿಯೇ ಬಿಟ್ಟಿದ್ದರು. ಮೆಟ್ಟಿಲ ಮೇಲೆ ಕೂತಾಗ ಅವನ ಕೈ ಎರಡು ಸಲ ಖಾಲಿ ಜೇಬಿಗೆ ಹೋಯಿತು. ಎರಡನೆಯ ಸಲ ಅವನೇ ನೋಡಿಕೊಂಡು, "ಕುಕ್ಕುತ್ತೈತಿ ನೋಡು" ಎಂದು ನಕ್ಕನು. ಮುಂದಿನ ವಾರ ಒಂದು ರಾತ್ರಿ ಬೆಳಗಾಗುವವರೆಗೂ ಆಡಿದನು, ಶಾಲೆಗೆ ಬರಲಿಲ್ಲ. ಭಾನುವಾರ ಬೆಳಗ್ಗೆ ಏಳಕ್ಕೆ ಗೆಳೆಯನು ಎಂದಿನಂತೆ ಅವನ ಮನೆಯ ಮುಂದೆ ಬಂದು ಸೈಕಲ್ಲಿನ ಗಂಟೆ ಬಾರಿಸಿದನು.